ನನ್ನ ಬದಲಿಗೊಂದು ರಿವಾಲ್ವರ್

ನಮ್ಮ ಸೋದರತ್ತೆ ನನ್ನ ಜಾಗಕ್ಕೆ ಒಂದು ರಿವಾಲ್ವರನ್ನು ನೇಮಿಸಿಕೊಂಡಿದ್ದಾರೆ! ಉತ್ಪ್ರೇಕ್ಷೆ ಎನ್ನಬೇಡಿ. ಹುದ್ದೆ ಖಾಲಿಯಾದದ್ದು, ಸಂದರ್ಶನಗಳು ನಡೆದದ್ದು, ಅಭ್ಯರ್ಥಿಗಳು ಒಬ್ಬೊಬ್ಬರಾಗಿ ತಿರಸ್ಕೃತರಾದದ್ದು, ಎಲ್ಲಕ್ಕೂ ನನ್ನ ದಿನಚರಿಯಲ್ಲಿ ತಾರೀಖು ಸಮೇತ ದಾಖಲೆ ಇದೆ. ಬಂದ ಅಭ್ಯರ್ಥಿಗಳು ಹದಿನೇಳು. ಆಯ್ಕೆಯಾದದ್ದು ಒಂದು. ಹಳೆಯ ನೌಕರನಾದ ನನ್ನ ಶಿಫಾರಸನ್ನು ಪರಿಗಣಿಸಿದ ಸಲ ಸೊನ್ನೆ.

ಮೊದಲು ಅತ್ತೆಯ ಪರಿಚಯ ಮಾಡಿಕೊಡಬೇಕು. ಊರು ಧಾರವಾಡ. ವೃತ್ತಿ, ಮನುಷ್ಯರನ್ನು ಮಲಗಿಸುವುದು. ಕೆರೊಲಿನಾದ ಒಂದು ಆಸ್ಪತ್ರೆಯಲ್ಲಿ ಮೂವತ್ತನಾಲ್ಕು ವರ್ಷ ಅರಿವಳಿಕೆ ವೈದ್ಯೆಯಾಗಿದ್ದರು. ಮದುವೆ ಆಗಲಿಲ್ಲ. ಯಾಕೆಂದು ಕೇಳಿದರೆ, "ಆ ಆಪರೇಷನ್ನಿಗೆ ನಾ ಕನ್ಸೆಂಟ್ ಕೊಡಲಿಲ್ಲ" ಅನ್ನುತ್ತಾರೆ. ನಿವೃತ್ತಿಯ ನಂತರ ಅಲ್ಲೇ ಮಾರಿಸ್‌ವಿಲ್ ಎಂಬ ಊರಿನ ಒಂದು ಟೌನ್‌ಹೌಸಿನಲ್ಲಿ ಒಬ್ಬರೇ ಇದ್ದಾರೆ. ಎಲ್ಲರೂ ಹೊಸಬರನ್ನು ಕಂಡರೆ ಮುಖ ನೋಡುತ್ತಾರೆ. ಅತ್ತೆ ಕುತ್ತಿಗೆ ನೋಡುತ್ತಾರೆ! ಉಸಿರಿನ ಕೊಳವೆ ಸಲೀಸಾಗಿ ಇಳಿಯುತ್ತದೋ ಇಲ್ಲವೋ ಎಂಬುದರ ಮೇಲೆ ಮನುಷ್ಯರನ್ನು ಅವರು ಎರಡು ಜಾತಿಯಾಗಿ ವಿಂಗಡಿಸಿದ್ದಾರೆ. ನಾನು ಬೆಂಗಳೂರಿನಿಂದ ಕೆಲಸಕ್ಕೆಂದು ಇಲ್ಲಿಗೆ ಬಂದಿಳಿದ ದಿನ ವಿಮಾನ ನಿಲ್ದಾಣದಲ್ಲಿ ಅವರ ಮೊದಲ ಮಾತು, "ಬಾಯಿ ತಗಿ ನೋಡೋಣು." ತೆಗೆದೆ. ಜನ ನೋಡುತ್ತಿದ್ದರು. "ಪರವಾಗಿಲ್ಲ, ನೀ ಸುಲಭ ಇದ್ದೀ" ಎಂದರು. ಆ ಊರಿನಲ್ಲಿ ನನಗೆ ಸಿಕ್ಕ ಮೊದಲ ಪ್ರಶಂಸೆ ಅದು. ಬಹುಶಃ ಕೊನೆಯದೂ.

ಅವರ ಮನೆಯಲ್ಲಿ ನನ್ನ ಹುದ್ದೆ ಶನಿವಾರದ್ದು. ಬೆಳಿಗ್ಗೆ ಹತ್ತಕ್ಕೆ ಹೋಗುವುದು, ಬಿಗಿಯಾದ ಡಬ್ಬಿಗಳ ಮುಚ್ಚಳ ತೆಗೆಯುವುದು, ದಿನಸಿ ತರುವುದು, ಊಟ ಮಾಡುವುದು, ಬೈಸಿಕೊಳ್ಳುವುದು. ನನ್ನ ಕೆಲಸ ಮನೆಯಿಂದಲೇ ನಡೆಯುವಂಥದು. ನಾಲ್ಕು ಗೋಡೆ, ಎರಡು ಸ್ಕ್ರೀನು. ಆ ದಿನಗಳಲ್ಲಿ ವಾರಕ್ಕೆ ಎಷ್ಟು ಜನರೊಂದಿಗೆ ಎದುರೆದುರು ಕನ್ನಡ ಮಾತಾಡಿದೆ ಎಂದೂ ಬರೆದಿಡುತ್ತಿದ್ದೆ. ಸರಾಸರಿ ಒಂದು. ಆ ಒಂದು ಅತ್ತೆ. ಅವರ ವಾರದ ಸರಾಸರಿಯೂ ಒಂದೇ ಇದ್ದಿರಬೇಕು. ನಾನು ಕೇಳಲಿಲ್ಲ.

ಏಪ್ರಿಲ್ ಎಂಟು, ಶನಿವಾರ. ವಿಷಯ ಹೇಳಿದೆ.

"ಅತ್ತೆ, ನನ್ನನ್ನ ಶ್ಯಾಂಟಿಲಿ ಆಫೀಸಿಗೆ ಟ್ರಾನ್ಸ್‌ಫರ್ ಮಾಡ್ತಿದಾರೆ. ಇಲ್ಲಿಂದ ಕಾರಲ್ಲಿ ಐದು ಗಂಟೆ. ಆಗಸ್ಟ್ ಒಳಗೆ ಮೂವ್ ಆಗ್ಬೇಕು."

ಅತ್ತೆ ಶೇಂಗಾ ಚಟ್ನಿಪುಡಿಯ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದರು. "ಹೋಗಲಿಕ್ಕೇ ಬೇಕೇನು?"

"ಇಲ್ಲ ಅಂದ್ರೆ ಜಾಬ್ ಹೋಗುತ್ತೆ. ಜಾಬ್ ಹೋದ್ರೆ ವೀಸಾ ಹೋಗುತ್ತೆ. ಅರವತ್ತು ದಿನದಲ್ಲಿ ಗಂಟುಮೂಟೆ ಕಟ್ಬೇಕು."

"ಹಂಗಾರ ಹೋಗು." ಮುಚ್ಚಳ ತೆರೆಯಲಿಲ್ಲ. ಬಾಟಲಿಯನ್ನು ನನ್ನ ಕಡೆ ಸರಿಸಿದರು. "ಹೋಗೂದರೊಳಗ ನನಗೊಂದು ಪಿಸ್ತೂಲು ನೋಡಿ ಕೊಡು."

"ಏನು?"

"ಪಿಸ್ತೂಲಪಾ. ಢಂ ಅನ್ನತದಲ್ಲಾ, ಅದು. ಹಿಂದಿನ ಓಣ್ಯಾಗ ಮನಿ ಒಡದು ಬಂಗಾರ ಒಯ್ದದ್ದು ಮರತಿಯೇನು? ನೀ ಶನಿವಾರಕ್ಕೊಮ್ಮೆ ಬರಾಂವ. ಅದು ದಿನಾ ಇರತದ. ಚಹಾ ಕೇಳೂದಿಲ್ಲ, ಸಕ್ಕರಿ ಕಡಿಮಿ ಆತು ಅನ್ನೂದಿಲ್ಲ."

ನನ್ನ ಲೆಕ್ಕ ಸರಳವಾಗಿತ್ತು. ಅತ್ತೆಗೆ ಧೈರ್ಯಕ್ಕೆ ಒಂದು ವಸ್ತು ಸಿಕ್ಕರೆ, ನಾನು ಇವರನ್ನು ಒಂಟಿಯಾಗಿ ಬಿಟ್ಟುಹೋದೆ ಎಂಬ ಚುಚ್ಚು ಇಲ್ಲದೆ ಹೊರಡಬಹುದು. ಹೊಸ ಪುಟ ತೆರೆದು ಗೆರೆ ಎಳೆದೆ. ತೂಕ, ಗುಂಡುಗಳ ಸಂಖ್ಯೆ, ದಪ್ಪ, ಅತ್ತೆಯ ಅಭಿಪ್ರಾಯ.

ಮುಂದಿನ ಶನಿವಾರ ಬಂದೂಕಿನ ಅಂಗಡಿಗೆ ಹೋದೆವು. ಅತ್ತೆ ಇಳಕಲ್ ಸೀರೆ ಉಟ್ಟು ಬಂದಿದ್ದರು. ಬೇಟೆಯ ಅಂಗಿ ತೊಟ್ಟ ಗಿರಾಕಿಗಳೆಲ್ಲ ದಾರಿ ಬಿಟ್ಟರು. ಗಾಜಿನ ಕಟ್ಟೆಯ ಹಿಂದೆ ಗಡ್ಡದವನೊಬ್ಬ, ದೊಡ್ಡ ಆಳು, ಮಾತಿಗೊಮ್ಮೆ "ಯೆಸ್ ಮ್ಯಾಮ್" ಅನ್ನುವವನು. ಅತ್ತೆ ಅವನ ಕುತ್ತಿಗೆಯನ್ನೇ ದಿಟ್ಟಿಸಿ ನನ್ನ ಕಿವಿಯಲ್ಲಿ, "ಭಾಳ ಕಷ್ಟದ ಕೇಸು" ಎಂದರು. ಆಮೇಲೆ ಅವನಿಗೆ ಇಂಗ್ಲಿಷಿನಲ್ಲಿ, "ನೀವು ಗೊರಕೆ ಹೊಡೆಯುತ್ತೀರಾ?"

ಬಂದೂಕು ಕೊಳ್ಳಲು ಬಂದವರು ಕೇಳುವ ಪ್ರಶ್ನೆಯೇ ಇದು? ಅವನು ಪಾಪ, ಹೆಂಡತಿ ಬೇರೆ ಕೋಣೆಯಲ್ಲಿ ಮಲಗುತ್ತಾಳೆ ಎಂದು ಒಪ್ಪಿಕೊಂಡ. ಹತ್ತು ನಿಮಿಷ ಅವನ ನಿದ್ರೆಯ ತಪಾಸಣೆ ನಡೆಯಿತು. ಕೊನೆಗೆ ಅವನೇ ನನ್ನನ್ನು ತೋರಿಸಿ, "ಇವರು ನಿಮ್ಮ ಮಗನಾ?" ಎಂದು ಕೇಳಿದ.

"ಅಲ್ಲ. ಈತ ಕೆಲಸ ಬಿಟ್ಟು ಹೋಗುತ್ತಿದ್ದಾನೆ. ಈತನ ಜಾಗಕ್ಕೇ ನೋಡಲು ಬಂದಿದ್ದೇವೆ" ಎಂದರು ಅತ್ತೆ.

ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದೆ. ನನ್ನಂಥ ವೀಸಾದವರು ಇಲ್ಲಿ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಅಂಗಡಿಯಲ್ಲಿ ಹಿಡಿದು ನೋಡುವುದೂ ಬೇಡ ಎಂದು ನಾನೇ ತೀರ್ಮಾನಿಸಿಕೊಂಡಿದ್ದೆ. ಮದುವೆ ಮನೆಗೆ ಹೋಗಿ ಊಟ ಮಾಡದೆ ಎಲೆ ಎಣಿಸುವ ಕೆಲಸ.

ಮೊದಲು ಪಿಸ್ತೂಲು ತೋರಿಸಿದ. ಅದರ ಮೇಲ್ಭಾಗವನ್ನು ಬಲವಾಗಿ ಹಿಂದಕ್ಕೆ ಎಳೆದರೆ ಮಾತ್ರ ಗುಂಡು ಒಳಗೆ ಕೂರುತ್ತದೆ. ಅತ್ತೆಯ ಹೆಬ್ಬೆರಳ ಸಂದಿಗೆ ವಾತ. ನಾಲ್ಕು ಸಲ ಎಳೆದರು, ನಾಲ್ಕು ಸಲವೂ ಅದು ಜಗ್ಗಲಿಲ್ಲ. "ಇದೂ ಚಟ್ನಿಪುಡಿ ಬಾಟ್ಲಿ ಇದ್ದಂಗ ಅದ. ಕಳ್ಳ ಬಂದಾಗ, ತಡಿಯಪಾ, ನಮ್ಮ ಹುಡುಗ ಶನಿವಾರ ಬರತಾನ, ತಗದು ಕೊಡತಾನ ಅನ್ನಲೇನು?" ಎಂದು ವಾಪಸಿಟ್ಟರು.

ರಿವಾಲ್ವರಿನಲ್ಲಿ ಆ ಎಳೆದಾಟ ಇಲ್ಲ. ತಿರುಗುವ ಗಾಲಿಯಲ್ಲಿ ಗುಂಡು ಇಟ್ಟರಾಯಿತು. ಆದರೆ ಟ್ರಿಗರ್ ಬಿಗಿ ಎಂದು ಅಂಗಡಿಯವನು ಎಚ್ಚರಿಸಿದ. ಅತ್ತೆ ಖಾಲಿ ರಿವಾಲ್ವರನ್ನು ಗೋಡೆಯ ಕಡೆ ಹಿಡಿದು ಟಕ್ ಟಕ್ ಎಂದು ಐದು ಸಲ ಒತ್ತಿದರು. ಮೂವತ್ತನಾಲ್ಕು ವರ್ಷ ಉಸಿರಿನ ಚೀಲ ಹಿಚುಕಿದ ಬೆರಳುಗಳು! ಅವನು ಕಣ್ಣರಳಿಸಿದ.

"ಐದೇ ಗುಂಡು ಯಾಕ? ಆರು ಇರತಾವಲ್ಲ?"

ಆರನೆಯದಕ್ಕೆ ಜಾಗ ಮಾಡಿದರೆ ಗಾಲಿ ದಪ್ಪವಾಗಿ ಬಟ್ಟೆಯ ಮೇಲೆ ಉಬ್ಬಿ ಕಾಣುತ್ತದಂತೆ.

"ಹೋಗಲಿ ಬಿಡು. ಐದರಾಗ ಮಾತು ಕೇಳದಾಂವ ಆರನೇದಕ್ಕ ಏನು ಕೇಳತಾನ?"

ಹೀಗೆ ಒಂಬತ್ತು ಶನಿವಾರ. ತಿರಸ್ಕಾರದ ಕಾರಣಗಳು ನನ್ನ ಪುಟದ ನಾಲ್ಕನೇ ಅಂಕಣದಲ್ಲಿ ಹೀಗಿವೆ. ಮೂರನೆಯದು: "ಬಣ್ಣ ಛಲೋ ಇಲ್ಲ." ಆರನೆಯದು: "ಇದರ ಮಾರಿ ಸಿಟ್ಟಿಂದು." ಒಂಬತ್ತನೆಯದು ಬಹಳ ಹಗುರ, ಚೀಲದಲ್ಲಿದ್ದರೂ ಗೊತ್ತಾಗದಂಥದು. ನನಗೆ ಅದೇ ಸರಿ ಅನ್ನಿಸಿತು. ಗುಂಡು ಹಾರಿಸಿ ನೋಡುವ ಕೋಣೆಗೆ ಒಯ್ದರು. ನಾನು ಗಾಜಿನ ಈಚೆ ನಿಂತೆ. ಮೂರು ಗುಂಡಿಗೆ ಮಣಿಕಟ್ಟು ಹಿಡಿದುಕೊಂಡು ಹೊರಬಂದರು. "ಕತ್ತಿ ಒದ್ದಂಗಾತು. ಹಗುರ ಇದ್ದಷ್ಟೂ ಒದೀತಾವ, ಮನುಷ್ಯಾರಂಗ." ಹನ್ನೆರಡನೆಯದು ತೂಕದ್ದು, ಒದೆಯಲಿಲ್ಲ. ಆದರೆ ಅದರ ಹಿಂದೆ ಕೊಕ್ಕೆಯಂತೆ ಎದ್ದು ನಿಂತ, ಗುಂಡಿಗೆ ಬಡಿಯುವ ಹ್ಯಾಮರ್ ಸೆರಗಿನ ಅಂಚಿಗೆ ಸಿಕ್ಕಿ ಒಂದು ಎಳೆ ಕಿತ್ತಿತು. ರೇಷ್ಮೆಯ ಎಳೆ! ಆ ಅಭ್ಯರ್ಥಿಯನ್ನು ಅತ್ತೆ ಮತ್ತೆ ಕಣ್ಣೆತ್ತಿ ನೋಡಲಿಲ್ಲ. ಅಂಗಡಿಯವನಂತೂ ಪ್ರತಿ ಶನಿವಾರ ನಮಗಾಗಿ ಎರಡು ಕುರ್ಚಿ ಹಾಕಿಡತೊಡಗಿದ. ನಿದ್ರೆಯ ಪರೀಕ್ಷೆ ಮಾಡಿಸಿಕೊಂಡೆ, ಮುಖಕ್ಕೆ ಹಾಕುವ ಯಂತ್ರ ಕೊಟ್ಟಿದ್ದಾರೆ, ಹೆಂಡತಿ ಕೋಣೆಗೆ ವಾಪಸು ಬಂದಿದ್ದಾಳೆ ಎಂದು ಒಂದು ದಿನ ಸುದ್ದಿ ಹೇಳಿದ. ಅತ್ತೆಯ ಮುಖದಲ್ಲಿ ಅವತ್ತಿನ ಸಂತೋಷವನ್ನು ಯಾವ ರಿವಾಲ್ವರೂ ತಂದಿರಲಿಲ್ಲ.

ಜೂನ್ ಹತ್ತರಂದು, ಹದಿನೇಳನೆಯದು. ಉಕ್ಕಿನದು, ಆರುನೂರ ಐವತ್ತು ಗ್ರಾಂ, ಐದು ಗುಂಡು, ಹ್ಯಾಮರ್ ಒಳಗೇ ಅಡಗಿರುವಂಥದು. ಅತ್ತೆ ಅದನ್ನು ಅಂಗೈಯಲ್ಲಿ ತೂಗಿದರು. "ಇದು ಭಾರ ಅದ. ಆದ್ರ ಸುಮ್ಮನ ಇರತದ."

"ನನ್ನ ಥರಾನೇ ಅಲ್ವಾ ಅತ್ತೆ?"

"ನೀ ಎಲ್ಲಿ ಸುಮ್ಮನ ಇರತೀ? ಎಣಸಕೋತ ಇರತೀ."

ಕೊಂಡದ್ದಾಯಿತು. ಇನ್ನು ಎಲ್ಲಿ ಇಟ್ಟುಕೊಳ್ಳುವುದು? ಮರೆಯಾಗಿ ಇಟ್ಟುಕೊಳ್ಳುವ ಕಲೆಯನ್ನು ಕಂಡುಹಿಡಿದವರೆಲ್ಲ ಪ್ಯಾಂಟು, ಬೆಲ್ಟಿನ ಜನ. ಸೀರೆಯ ಬಗ್ಗೆ ಯಾರೂ ಯೋಚಿಸಿಲ್ಲ! ಖಾಲಿ ರಿವಾಲ್ವರ್ ಹಿಡಿದು ಮನೆಯಲ್ಲೇ ಪ್ರಯೋಗಗಳು ನಡೆದವು. ಪಾದದ ಬಳಿ ಕಟ್ಟಿದರೆ ಬಗ್ಗಲು ಆಗದು. ಕೈಚೀಲದಲ್ಲಿಟ್ಟರೆ ಚೀಲವನ್ನೇ ಅಂಗಡಿಯ ಗಾಡಿಯಲ್ಲಿ ಮರೆತು ಬರುವವರು ಅವರು (ಆ ವರ್ಷ ಮೂರು ಸಲ). ನೆರಿಗೆಯೊಳಗೆ ಸಿಕ್ಕಿಸಿದರೆ ನಾಲ್ಕು ಹೆಜ್ಜೆಗೆ ರಿವಾಲ್ವರ್, ನೆರಿಗೆ ಎರಡೂ ಕೆಳಗೆ. ನಾಲ್ಕನೆಯ ಪ್ರಯೋಗಕ್ಕೆ ಅತ್ತೆಗೆ ತಮ್ಮ ಅಜ್ಜಿ ನೆನಪಾದರು. ಎಲೆ, ಅಡಿಕೆ, ಸುಣ್ಣದ ಡಬ್ಬಿ ಎಲ್ಲವನ್ನೂ ಸಂಚಿಯಲ್ಲಿ ತುಂಬಿ ಸೊಂಟಕ್ಕೆ ಸಿಕ್ಕಿಸಿಕೊಂಡು ಎಂಬತ್ತು ವರ್ಷ ಓಡಾಡಿದ ಹೆಂಗಸು. ಒಂದು ದಿನವೂ ಅಡಿಕೆ ಉದುರಿರಲಿಲ್ಲ. ಅತ್ತೆ ಹೊಲಿಗೆ ಯಂತ್ರದ ಧೂಳು ಒರೆಸಿದರು. ಕುಪ್ಪಸಕ್ಕೆಂದು ಇಟ್ಟಿದ್ದ ಖಣದ ಬಟ್ಟೆಯಲ್ಲಿ ಸಂಚಿ ಸಿದ್ಧವಾಯಿತು. ಮುಚ್ಚಳಕ್ಕೆ ಕಸೂತಿಯಲ್ಲಿ ಎರಡು ನವಿಲು.

ಹೀಗೆ ಮರೆಯಾಗಿ ಕಟ್ಟಿಕೊಂಡು ಓಡಾಡುವ ಪರವಾನಗಿಗೆ ಒಂದು ದಿನದ ತರಗತಿ ಕಡ್ಡಾಯ. ಕಲಿಸುವವರು ನಿವೃತ್ತ ಪೊಲೀಸರು. ಪಾಠ ಕೇಳಲು ಹಿಂದಿನ ಬೆಂಚಿನಲ್ಲಿ ಕೂರಲು ನನಗೂ ಬಿಟ್ಟರು. ಒರೆ ತೋರಿಸಿ ಎಂದಾಗ ಅತ್ತೆ ಸಂಚಿ ತೆಗೆದಿಟ್ಟರು. ಆತ ನವಿಲುಗಳನ್ನು ನೋಡಿ, ಬಹಳ ಚೆನ್ನಾಗಿದೆ ಮ್ಯಾಮ್, ಆದರೆ ಟ್ರಿಗರಿನ ಸುತ್ತ ಗಟ್ಟಿಯಾದದ್ದು ಇರಲೇಬೇಕು, ಬಟ್ಟೆಯ ಮೇಲಿಂದ ಬೆರಳು ಒತ್ತಿಬಿಟ್ಟರೆ ಅನಾಹುತ ಎಂದರು. "ಗಟ್ಟಿ ಅದ ಅಲ್ಲಾ?" ಎಂದು ಅತ್ತೆ ಒಳಗಿಂದ ಒಂದು ಚರ್ಮದ ತುಂಡು ಎಳೆದರು. ನಾನು ಗುರುತು ಹಿಡಿದೆ. ಅವರ ಹಳೆಯ ಚಪ್ಪಲಿಯ ಅಟ್ಟೆ! ನಮ್ಮ ಕಡೆಯ ಹೆಂಗಸಿನ ಎರಡೂ ಆಯುಧಗಳು ಒಂದೇ ಸಂಚಿಯಲ್ಲಿ! ಮೇಷ್ಟರು ಒಪ್ಪಲಿಲ್ಲ. ಗಟ್ಟಿ ಪ್ಲಾಸ್ಟಿಕ್ಕಿನ ಸರಿಯಾದ ಒರೆ ತರಿಸಿ, ಅದರ ಮೇಲೆ ಖಣದ ಗವಸು ಹೊಲಿದದ್ದು ಕೊನೆಯ ರಾಜಿ.

ಮಧ್ಯಾಹ್ನ ಗುರಿ ಪರೀಕ್ಷೆ. ನಾನು ಮತ್ತೆ ಗಾಜಿನ ಈಚೆ. ಅತ್ತೆಯ ತುಟಿ ಅಲ್ಲಾಡುತ್ತಲೇ ಇತ್ತು. ಮಂತ್ರವೇನೋ ಅಂದುಕೊಂಡೆ. ಮೂವತ್ತರಲ್ಲಿ ಇಪ್ಪತ್ತೆಂಟು ಒಳಗೆ ಬಿದ್ದವು. ಆಮೇಲೆ ಮೇಷ್ಟರು ಬೆರಗಾಗಿ ಹೇಳಿದರು. ಅತ್ತೆ ಕಾಗದದ ಮನುಷ್ಯನಿಗೆ ಮೆತ್ತಗೆ, ದೀರ್ಘವಾಗಿ ಉಸಿರು ತೆಗೆದುಕೊಳ್ಳಿ, ಹತ್ತರಿಂದ ಹಿಂದಕ್ಕೆ ಎಣಿಸಿ ಎನ್ನುತ್ತಿದ್ದರಂತೆ. ಹತ್ತು, ಒಂಬತ್ತು, ಎಂಟು, ಢಂ! ಮೂವತ್ತನಾಲ್ಕು ವರ್ಷದಲ್ಲಿ ಏಳು ಅನ್ನುವವರೆಗೆ ಎಚ್ಚರ ಇದ್ದವರೇ ಕಡಿಮೆಯಂತೆ.

ಷೆರಿಫ್ ಕಚೇರಿಯಲ್ಲಿ ಬೆರಳಚ್ಚು. ದಿನಕ್ಕೆ ಹತ್ತು ಸಲ ಕೈ ಉಜ್ಜಿ ಉಜ್ಜಿ ಅತ್ತೆಯ ಬೆರಳಿನ ಗೆರೆಗಳೇ ಸವೆದಿದ್ದವು. ಯಂತ್ರ ನಾಲ್ಕು ಸಲ ನಿರಾಕರಿಸಿತು. ಅಲ್ಲಿದ್ದ ಹೆಣ್ಣುಮಗಳು ತಾಳ್ಮೆಯಿಂದ ಒಂದೊಂದೇ ಬೆರಳು ಒರೆಸಿ ಒತ್ತಿಸಿದಳು. ಹೊರಗೆ ಬಂದ ಅತ್ತೆಗೆ ಭಾರಿ ವ್ಯಥೆ. "ಗೊತ್ತಿದ್ದರ ಕಳವು ಮಾಡಿಯಾದ್ರೂ ಬದುಕತಿದ್ದೆ. ಸುಳ್ಳೇ ಡಾಕ್ಟರಿಕಿ ಓದಿದೆ!"

ಆಗಸ್ಟ್ ಮೊದಲ ವಾರ ಪರವಾನಗಿ ಬಂತು. ತರಗತಿಯಲ್ಲಿ ಹೇಳಿದ ನಿಯಮಗಳನ್ನೆಲ್ಲ ಅತ್ತೆ ಔಷಧದ ಪ್ರಮಾಣದಂತೆ ಬಾಯಿಪಾಠ ಮಾಡಿದ್ದರು. ಮನೆಯಿಂದ ಹೊರಡುವಾಗ ಕಟ್ಟಿಕೊಳ್ಳುವುದು. ವಾಪಸು ಬಂದ ತಕ್ಷಣ ಬಿಚ್ಚಿ, ಗೋಡೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ಬೀಗ. ಮನೆಯೊಳಗೆ ಒಂದು ನಿಮಿಷವೂ ಮೈಮೇಲೆ ಇಲ್ಲ. ದೇವಸ್ಥಾನದ ಬಾಗಿಲಲ್ಲಿ ಆಯುಧಗಳಿಗೆ ಪ್ರವೇಶವಿಲ್ಲ ಎಂಬ ಫಲಕವಿತ್ತು. ಅತ್ತೆ ಅದನ್ನು ಕಾರಿನ ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟೇ ಒಳಗೆ ಬಂದರು. ಆದರೆ ದುರ್ಗೆಯ ಮುಂದೆ ನಿಂತು ಗೊಣಗಿದ್ದು ನನಗೆ ಕೇಳಿಸಿತು. "ಎಂಟು ಕೈಯಾಗ ಎಂಟು ಹಿಡಕೊಂಡು ನಿಂತೀಯವ್ವಾ. ನಿನಗ ಯಾರೂ ಲೈಸೆನ್ಸ್ ಕೇಳಲಿಲ್ಲ."

ಆಗಸ್ಟ್ ಹತ್ತೊಂಬತ್ತು, ಶನಿವಾರ, ನಾನು ಹೊರಟೆ. ಮೊಸರನ್ನದ ಡಬ್ಬಿ ಕೊಟ್ಟರು. ಮುಚ್ಚಳವನ್ನು ಬೇಕೆಂದೇ ಸಡಿಲ ಬಿಟ್ಟಿದ್ದರು. "ನಿನ್ನ ಜಾಗ ಭರ್ತಿ ಆಗ್ಯಾದ. ಇನ್ನ ಹಿಂದ ನೋಡಬ್ಯಾಡ" ಎಂದರು. ನಾನು ಹಿಂದೆ ನೋಡಿದ ಸಲ ಒಂದು, ಅದೂ ಕನ್ನಡಿಯಲ್ಲಿ. ಆಗಲೇ ಒಳಗೆ ಹೋಗಿಬಿಟ್ಟಿದ್ದರು.

ಶ್ಯಾಂಟಿಲಿಯಲ್ಲಿ ಹೊಸ ಪುಟ. ದಿನಾ ಸಂಜೆ ಏಳಕ್ಕೆ ಫೋನು. ಮೊದಲ ಪ್ರಶ್ನೆ ಯಾವಾಗಲೂ ಅದೇ.

"ಇವತ್ತು ಕಟ್ಟಿಕೊಂಡ್ರಾ ಅತ್ತೆ?"

"ಕಟ್ಟಿಕೊಂಡಿದ್ದೆ. ಔಷಧ ಅಂಗಡಿಗೆ ಹೋಗಿದ್ದೆ. ಅಲ್ಲೊಬ್ಬಾಕಿ ಸೊಂಟ ನೋಡಿ, ಏನ್ರಿ ಇದು ಛಲೋ ಬಟ್ಟಿ, ಎಲ್ಲಿ ತಗೊಂಡ್ರಿ ಅಂತ ಕೇಳಿದ್ಲು!"

ಕಟ್ಟಿಕೊಂಡ ದಿನಕ್ಕೆ ಒಂದು ಗೀಟು. ಮೊದಲ ವಾರ ಆರು. ಎರಡನೆಯ ವಾರವೂ ಆರು. ಆಮೇಲೆ ಐದು, ಆರು, ನಾಲ್ಕು, ನಾಲ್ಕು. ಅಕ್ಟೋಬರಿನಲ್ಲಿ ಮೂರು, ಮೂರು, ಎರಡು, ಒಂದು. ನನಗೆ ಎಷ್ಟು ಸಂತೋಷವಾಯಿತೆಂದರೆ ಗ್ರಾಫ್ ಹಾಕಿದೆ! ಇಳಿಯುವ ಗೆರೆಯ ಕೆಳಗೆ ಬರೆದೆ: ಅತ್ತೆಯ ಭಯ ಕಡಿಮೆಯಾಗುತ್ತಿದೆ. ಆ ಪುಟದ ಕೆಳಗೆ ಇನ್ನೊಂದು ಲೆಕ್ಕವೂ ಇತ್ತು. ಇಲ್ಲಿಗೆ ಬಂದಮೇಲೆ ಎದುರೆದುರು ಕನ್ನಡ ಮಾತಾಡಿದ ದಿನಗಳು ಎರಡು. ಅದಕ್ಕೆ ಗ್ರಾಫ್ ಹಾಕುವಷ್ಟು ಏನೂ ಇರಲಿಲ್ಲ.

ನವೆಂಬರ್ ಹತ್ತು, ಶುಕ್ರವಾರ. ಆ ವಾರ ಸೊನ್ನೆ.

"ಏನ್ ಅಡುಗೆ ಇವತ್ತು?"

"ಬದನಿಕಾಯಿ ಎಣಗಾಯಿ."

"ಬದನೆಕಾಯಿ ಎಲ್ಲಿತ್ತು? ಅಂಗಡಿಗೆ ಹೋಗಿದ್ರಾ?"

"ಫೋನಿನ್ಯಾಗ ಒತ್ತಿದ್ರ ಬಾಗಲಾಗ ಇಟ್ಟು ಹೋಗತಾರಪಾ. ಮಾರಿ ಸೈತ ನೋಡಬೇಕಾಗೂದಿಲ್ಲ. ಕುತ್ತಿಗಿ ಎಲ್ಲಿಂದ ನೋಡಲಿ?"

"ಎಷ್ಟು ದಿನದಿಂದ ಹಿಂಗೆ?"

"ನನಗೇನು ಕೇಳತೀ? ಎಣಸಾಂವ ನೀ."

ಫೋನಿಟ್ಟು ಗ್ರಾಫ್ ನೋಡಿದೆ. ಮನೆಯಿಂದ ಹೊರಡುವಾಗ ಮಾತ್ರ ಕಟ್ಟಿಕೊಳ್ಳುವುದು, ಮನೆಯೊಳಗೆ ಒಂದು ನಿಮಿಷವೂ ಇಲ್ಲ. ಅತ್ತೆ ನಿಯಮ ತಪ್ಪುವವರಲ್ಲ. ನಾನು ಹನ್ನೆರಡು ವಾರ ಎಣಿಸಿದ್ದು ಅವರು ಹೊಸಿಲು ದಾಟಿದ ದಿನಗಳನ್ನು. ಇಳಿಯುವ ಗೆರೆಗೆ ಖುಷಿಪಟ್ಟು ಹಸಿರು ಬಣ್ಣ ಬಳಿದಿದ್ದೆ.

ಮರುದಿನ ಬೆಳಿಗ್ಗೆ ಆರಕ್ಕೆ ಕಾರು ತೆಗೆದೆ. ಹನ್ನೊಂದಕ್ಕೆ ಬಾಗಿಲು ತಟ್ಟಿದೆ. ಮತ್ತೆ ಎರಡು ಸಲ ತಟ್ಟಿದೆ. ಆಮೇಲೆ, "ಯಾರು?"

"ನಾನು ಅತ್ತೆ."

ಮೂರು ಚಿಲಕ ತೆಗೆದರು. ನೈಟಿಯ ಮೇಲೆ ಸ್ವೆಟರು, ಬಾಚದ ತಲೆ. ಒಂಬತ್ತು ಶನಿವಾರ ಒಂದೊಂದು ರಿವಾಲ್ವರಿಗೂ ಸೀರೆ ಉಟ್ಟು ಎದುರು ನಿಂತವರು. "ಫೋನು ಮಾಡಿ ಬರಲಿಕ್ಕೆ ಏನಾಗಿತ್ತು? ಗುಂಡು ಹೊಡದಿದ್ರ?"

"ಅದು ಪೆಟ್ಟಿಗೆಯಲ್ಲಿದೆ ಅಲ್ವಾ?"

ಅತ್ತೆ ಮೂರೂ ಚಿಲಕಗಳನ್ನು ಮತ್ತೆ ಹಾಕಿದರು.

"ಯಾಕೆ ಅತ್ತೆ ಹೊರಗೆ ಹೋಗ್ತಿಲ್ಲ? ಭಯನಾ?"

"ಎದರ ಭಯ? ಮೂವತ್ತರಾಗ ಇಪ್ಪತ್ತೆಂಟು ಹೊಡದಾಕಿ ನಾ." ಸ್ವೆಟರಿನ ಗುಂಡಿ ಹಾಕಿದರು, ಬಿಚ್ಚಿದರು. "ಎಲ್ಲಿಗೆ ಹೋಗಲಿ ಹೇಳು? ಕಟ್ಟಿಕೊಂಡು ಬಾಗಲತನಕ ಬರತೇನಿ. ನಿಂದರತೇನಿ. ಬಿಚ್ಚಿ ಇಡತೇನಿ."

"ಕ್ರಿಕೆಟ್ ಗ್ರೌಂಡಿಗೆ ಹೋಗೋಣ ಬನ್ನಿ. ಇವತ್ತು ಮ್ಯಾಚ್ ಇರುತ್ತೆ" ಎಂದೆ.

"ನನಗೆಲ್ಲಿ ಕ್ರಿಕೆಟ್ ತಿಳೀತದ?"

"ಇಪ್ಪತ್ತೆರಡು ಜನ ಇರ್ತಾರೆ. ಕುತ್ತಿಗೆ ನೋಡಿ."

ಮೇಲೆ ಹೋದರು. ಬೀರು ತೆಗೆದ ಸದ್ದು, ನಲ್ಲಿಯ ಸದ್ದು. ಇಪ್ಪತ್ತು ನಿಮಿಷದ ಮೇಲೆ ತಲೆ ಬಾಚಿ, ಹಸಿರು ಸೀರೆ ಉಟ್ಟು ಇಳಿದು ಬಂದರು. ಸೊಂಟದಲ್ಲಿ ಏನೂ ಇರಲಿಲ್ಲ.

"ಅತ್ತೆ, ಕಟ್ಟಿಕೊಳ್ಳೋದು ಮರೆತ್ರಾ?"

"ಮರತಿಲ್ಲ." ಬಾಗಿಲಿಗೆ ಬೀಗ ಹಾಕಿ, ಹಿಡಿಕೆ ಎರಡು ಸಲ ಜಗ್ಗಿ ನೋಡಿದರು. "ಇವತ್ತು ನೀ ಇದ್ದೀಯಲ್ಲಾ. ಇಬ್ಬಿಬ್ಬರು ಯಾಕ?"

ಮನೆಯ ಮುಂದೆ ಮೂರು ಮೆಟ್ಟಿಲು. ಇಳಿಯುವಾಗ ನನ್ನ ಮೊಣಕೈ ಹಿಡಿದುಕೊಂಡರು. ಮೆಟ್ಟಿಲು ಮುಗಿದವು. ಕಾರಿನವರೆಗೂ ಬಿಡಲಿಲ್ಲ.